ಪಟ್ಟಿಯಿಲ್ಲದ ತೋಳು

"ಅಜ್ಜಾರ, ನನಗಿಂತ ಹಿಂದಾಗಡೆ ಬಂದವರಿಗೆಲ್ಲಾ ನೀವು ಶಾಲು ಹೊದಿಸಿದ್ರಿ. ನನ್ನ ಕೈಯಾಗ ಇನ್ನೂ ಕಸಬರಿಗೀನ ಐತಿ. ಈ ಮಠದಾಗ ನನ್ನ ದರ್ಜಾ ಯಾವುದ್ರಿ?"

ಹೀಗೆ ಕೇಳಿದವನು ಶಿಷ್ಯ ಮುರಿಗೆಪ್ಪ. ಅಂಗಳ ಗುಡಿಸುವುದನ್ನು ಅರ್ಧಕ್ಕೇ ಬಿಟ್ಟು, ಕಸಬರಿಗೆಯನ್ನು ಹಿಡಿದುಕೊಂಡೇ ಮಠದ ಸ್ವಾಮಿಗಳಾದ ಅಜ್ಜನವರ ಮುಂದೆ ಬಂದು ನಿಂತಿದ್ದ. ಅವನ ಮನಸ್ಸು ನೊಂದಿತ್ತು. ಅಜ್ಜನವರಿಗೆ ಅದು ತಿಳಿಯಿತು. ಆದರೂ ನಕ್ಕರು, ಅವರಿಗೆ ನಗು ಬೇಗ ಬರುತ್ತಿತ್ತು. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಕಡಲಿನ ನಡುವೆ ಒಂದು ಸಣ್ಣ ದ್ವೀಪವಿತ್ತು. ಎಷ್ಟು ಸಣ್ಣದೆಂದರೆ, ಈ ದಡದಲ್ಲಿ ಒಗ್ಗರಣೆ ಹಾಕಿದರೆ ಆ ದಡದವರು ಸೀನುತ್ತಿದ್ದರು. ಆದರೂ ಅದಕ್ಕೊಂದು ಸೈನ್ಯವಿತ್ತು. ಯುದ್ಧವನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅಲ್ಲಿಯ ದೊರೆ ಒಳ್ಳೆಯವನು, ಹಬ್ಬ ಬಂದರೆ ಸಾಕು ಸೈನಿಕರಿಗೆ ಬಡ್ತಿ ಕೊಡುತ್ತಿದ್ದ. ತೋಳಿಗೆ ಒಂದು ಕೆಂಪು ಪಟ್ಟಿ ಹೊಲಿದರೆ ನಾಯಕ, ಮೂರು ಹೊಲಿದರೆ ಹವಾಲ್ದಾರ. ಹೆಗಲ ಮೇಲೆ ಶಂಖವಿದ್ದವನು ಕಪ್ತಾನ. ಶಂಖದ ಜೊತೆಗೆ ಬೆಳ್ಳಿಯ ಮೀನೂ ಇದ್ದವನು ದಳಪತಿ. ಹೀಗೆ ಏರುತ್ತ ಏರುತ್ತ ಎಲ್ಲರೂ ಮೇಲೆ ಹೋದರು. ಕೆಳಗೆ ಉಳಿದವನು ಒಬ್ಬನೇ ಒಬ್ಬ ಸಿಪಾಯಿ.

ಬೆಳಿಗ್ಗೆ ಗುಡ್ಡದ ಮೇಲೆ ಬಾವುಟ ಏರಿಸುವುದು ಅವನ ಕೆಲಸ. ಬಾವುಟ ಏರದೆ ಆ ದ್ವೀಪದಲ್ಲಿ ಏನೂ ಶುರುವಾಗುತ್ತಿರಲಿಲ್ಲ. ದೋಣಿ ನೀರಿಗಿಳಿಯುವುದು, ಅಂಗಡಿಯ ಬಾಗಿಲು ತೆಗೆಯುವುದು, ಕಡೆಗೆ ಮದುವೆಯಲ್ಲಿ ತಾಳಿ ಕಟ್ಟುವುದು ಕೂಡ ಬಾವುಟ ನೋಡಿಯೇ. ಸೈನ್ಯದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಪಟ್ಟಿಯಿರುವ ತೋಳು, ಶಂಖವಿರುವ ಹೆಗಲು ಬಾವುಟದ ಹಗ್ಗವನ್ನು ಮುಟ್ಟಬಾರದು.

ಈ ಸಿಪಾಯಿಗೆ ಬಲೆ ಹೆಣೆಯುವವನ ಮಗಳ ಮೇಲೆ ಮನಸ್ಸಾಯಿತು. ಅವಳಿಗೂ ಇವನ ಮೇಲೆ ಮನಸ್ಸಿತ್ತು. ಅವಳ ಅಪ್ಪ ಮಾತ್ರ ಜಗ್ಗಲಿಲ್ಲ. ತೋಳಿನ ಮೇಲೆ ಒಂದು ಪಟ್ಟಿಯಾದರೂ ಇಲ್ಲದವನಿಗೆ ಹೆಣ್ಣು ಕೊಡುವುದಿಲ್ಲ ಎಂದುಬಿಟ್ಟ. ಸಿಪಾಯಿ ದಳಪತಿಯ ಬಳಿ ಹೋಗಿ, ಕೈಮುಗಿದು, ಒಂದು ಪಟ್ಟಿ ಬೇಡಿದ.

"ನಿನಗೂ ಪಟ್ಟಿ ಕೊಟ್ಟರ ನಾವೆಲ್ಲಾ ಹುಕುಂ ಕೊಡೂದು ಯಾರಿಗಪಾ?" ಎಂದ ದಳಪತಿ.

ದಳಪತಿ ಕೆಟ್ಟವನಲ್ಲ. ಅವನಿಗೆ ಉತ್ತರ ನಿಜವಾಗಿಯೂ ಗೊತ್ತಿರಲಿಲ್ಲ. ಸಿಪಾಯಿ ಮುಖ ಸಣ್ಣದು ಮಾಡಿಕೊಂಡು ಗುಡ್ಡಕ್ಕೆ ಮರಳಿದ.

ಒಂದು ದಿನ ಗಾಳಿ ಜೋರಾಗಿತ್ತು. ಬಾವುಟ ಏರಿಸಿ ಹಗ್ಗ ಬಿಗಿಯುವಾಗ ಅದು ಕೈಜಾರಿ ಅವನ ತೋಳನ್ನು ತರಚಿಹಾಕಿತು. ಅದೇ ಹೊತ್ತಿಗೆ ದೊರೆ ದಳಪತಿಯ ಜೊತೆ ಗುಡ್ಡ ಹತ್ತಿ ಬಂದಿದ್ದ. ರಕ್ತ ಕಂಡು ಗಾಬರಿಯಾಗಿ, "ಏನ್ ನೋಡಕೋತ ನಿಂತೀರಿ? ಮೊದಲ ಅವನ ತೋಳಿಗೆ ಪಟ್ಟಿ ಹಾಕ್ರಿ" ಎಂದ.

ದೊರೆ ಹೇಳಿದ್ದು ಗಾಯದ ಪಟ್ಟಿ. ದಳಪತಿಗೆ ಕೇಳಿಸಿದ್ದು ದರ್ಜೆಯ ಪಟ್ಟಿ. ಸೈನ್ಯದಲ್ಲೇ ತಲೆ ನೆರೆದವನಿಗೆ ಇನ್ನೊಂದು ಪಟ್ಟಿಯ ನೆನಪೇ ಬರಲಿಲ್ಲ. ಓಡಿಹೋಗಿ ದರ್ಜಿಯನ್ನು ಕರೆತಂದ. ಇತ್ತ ರಕ್ತ ಸೋರುತ್ತಿದೆ, ಅತ್ತ ದರ್ಜಿ ಅಂಗಿಯ ತೋಳಿಗೆ ಕೆಂಪು ಪಟ್ಟಿ ಹೊಲಿಯುತ್ತಿದ್ದಾನೆ. ಸಿಪಾಯಿಗೆ ನೋವಿನ ಪರಿವೆಯೇ ಇಲ್ಲ. ದೊರೆಗೆ ಎಡವಟ್ಟು ತಿಳಿಯಿತು. ಆದರೆ ಆ ಮುಖದ ಸಂತೋಷ ಕಂಡ ಮೇಲೆ ಪಟ್ಟಿ ಬಿಚ್ಚಿಸುವ ಮನಸ್ಸು ಬರಲಿಲ್ಲ. ತನ್ನ ಹೆಗಲ ಮೇಲಿನ ವಲ್ಲಿಯನ್ನೇ ಹರಿದು ಗಾಯಕ್ಕೆ ಕಟ್ಟಿ ಸುಮ್ಮನಾದ.

ಆ ವರ್ಷದ ಕಡೆಯ ಮುಹೂರ್ತ ಮರುದಿನವೇ ಇತ್ತು, ಅದಕ್ಕೇ ಮದುವೆ ಗೊತ್ತಾಯಿತು. ಆ ದಿನ ಬೆಳಿಗ್ಗೆ ಮದುಮಗ ಪಟ್ಟಿಯ ಅಂಗಿ ತೊಟ್ಟು ಹಂದರದಲ್ಲಿ ನಿಂತ. ಎಲ್ಲರೂ ಗುಡ್ಡದ ಕಡೆ ನೋಡಿದರು. ಕಂಬ ಬರಿದಾಗಿತ್ತು.

ಗುಡ್ಡದ ಮೇಲೆ ದಳಪತಿ, ಬಾವುಟ ಏರಿಸಲು ಕಪ್ತಾನನಿಗೆ ಹೇಳಿದ್ದ. ಕಪ್ತಾನ ಹವಾಲ್ದಾರನಿಗೆ ಹೇಳಿದ, ಹವಾಲ್ದಾರ ನಾಯಕನಿಗೆ ಹೇಳಿದ. ನಾಯಕ ಎದೆ ಸೆಟೆಸಿ, ಹಿಂದಕ್ಕೆ ತಿರುಗಿ, ಗಟ್ಟಿಯಾಗಿ ಹುಕುಂ ಕೊಟ್ಟ. ಅಲ್ಲಿ ಒಂದು ಆಡು ಮೇಯುತ್ತಿತ್ತು.

ಕೆಳಗೆ ಮುಹೂರ್ತ ಮೀರುತ್ತಿತ್ತು. ಮೀರಿದರೆ ಮದುವೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಮದುಮಗಳ ಕಣ್ಣು ತುಂಬಿತು. ಮದುಮಗ, ಪಟ್ಟಿ ಕಿತ್ತೆಸೆದು ಗುಡ್ಡಕ್ಕೆ ಓಡೋಣವೆಂದು ತೋಳಿಗೆ ಕೈ ಹಾಕಿದ. ಹೆಣ್ಣಿನ ಅಪ್ಪ ಆ ಕೈ ಹಿಡಿದುಕೊಂಡ. ಪಟ್ಟಿ ಹೋದರೆ ಅಳಿಯನಿಲ್ಲ, ಪಟ್ಟಿ ಇದ್ದರೆ ಬಾವುಟವಿಲ್ಲ. ಹಿಡಿದ ಕೈಯನ್ನು ಬಿಡಬೇಕೋ ಬಿಡಬಾರದೋ ಅವನಿಗೇ ತಿಳಿಯಲಿಲ್ಲ.

ದಳಪತಿ ಮೇಲಿನಿಂದ ನೋಡಿದ. ಹಂದರದ ಮುಖಗಳೆಲ್ಲ ತನ್ನ ಕಡೆಗೇ ತಿರುಗಿದ್ದವು. ಅವನಿಗೆ ನಾಚಿಕೆಯಾಯಿತು. ಅಂಗಿಯ ಗುಂಡಿ ಬಿಚ್ಚಿದ. ಶಂಖ, ಬೆಳ್ಳಿಯ ಮೀನು, ಎಲ್ಲವನ್ನೂ ಅಂಗಿಯ ಸಮೇತ ಕಪ್ತಾನನ ಕೈಗೆ ಕೊಟ್ಟ. ಬರೀ ಬನಿಯನ್ನಿನಲ್ಲಿ ನಿಂತು ಹಗ್ಗ ಎಳೆದ. ಬಾವುಟ ಏರಿತು. ಕೆಳಗೆ ವಾದ್ಯ ಮೊಳಗಿತು, ತಾಳಿ ಕಟ್ಟಿದ್ದಾಯಿತು. ದಳಪತಿ ನಿಂತಲ್ಲೇ ನಗತೊಡಗಿದ. ಎಷ್ಟೋ ವರ್ಷಗಳಿಂದ ಅವನ ಬಾಯಿಂದ ಕೆಲಸಗಳಾಗಿದ್ದವು, ಕೈಯಿಂದ ಒಂದೂ ಆಗಿರಲಿಲ್ಲ.

ಊಟಕ್ಕೆ ಅವನು ಬನಿಯನ್ನಿನಲ್ಲೇ ಬಂದ. ಹೆಣ್ಣಿನ ಅಪ್ಪನಿಗೆ ಗುರುತು ಸಿಗದೆ ಸಾರಿನ ಬಕೆಟ್ಟನ್ನು ಕೈಗೆ ಕೊಟ್ಟುಬಿಟ್ಟ. ದಳಪತಿ ಬೇಡಬೇಡವೆಂದವರಿಗೂ ಬಡಿಸಿದ.

ಮರುದಿನ ಬೆಳಿಗ್ಗೆ ಕಂಬದ ಬಳಿ ಕಪ್ತಾನ ಅಂಗಿ ಬಿಚ್ಚಿ ನಿಂತಿದ್ದ. ಹವಾಲ್ದಾರನೂ ಬಿಚ್ಚಿ ನಿಂತಿದ್ದ. ಹಗ್ಗಕ್ಕಾಗಿ ಜಗಳವಾಗಿ ಅದು ದೊರೆಯವರೆಗೂ ಹೋಯಿತು. ದೊರೆ ಎಲ್ಲರಿಗೂ ಪಾಳಿ ಗೊತ್ತುಮಾಡಿದ. ಇಂದಿಗೂ ಆ ದ್ವೀಪದಲ್ಲಿ ಹಗ್ಗದ ಪಾಳಿ ಬಂದವನ ಮನೆಯಲ್ಲಿ ಹೋಳಿಗೆ ಮಾಡುತ್ತಾರೆ.

ಮುರಿಗೆಪ್ಪ ಆಡಿನ ಮಾತು ಬಂದಾಗಿನಿಂದ ನಗುತ್ತಲೇ ಇದ್ದ. ಆದರೂ ಹಟ ಬಿಡಲಿಲ್ಲ.

"ಕತಿ ಚಲೋ ಐತ್ರಿ ಅಜ್ಜಾರ. ಆದರ ನನ್ನ ದರ್ಜಾ ಯಾವುದಂತ ನೀವು ಹೇಳಲೇ ಇಲ್ಲ."

ಅಜ್ಜನವರು ಎದ್ದರು. ತಾವು ಹೊದ್ದಿದ್ದ ಶಾಲನ್ನು ತೆಗೆದು ಅವನ ಹೆಗಲಿಗೆ ಹಾಕಿದರು. ಉಟ್ಟ ಕಾವಿಯ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುರಿಗೆಪ್ಪನ ಮುಂದೆ ಕೈ ಚಾಚಿದರು.

"ಆ ಕಸಬರಿಗಿ ಇತ್ತ ತಾ, ಇವತ್ತ ಪಾಳಿ ನಂದು."