ಸಿಸ್ಟರ್ ತಿಯೊಡೋರಾ ನನ್ನನ್ನು ಕೊನೆಯ ಬೆಂಚಿಗೆ ಕಳುಹಿಸಿದ್ದು

ಮೈಸೂರಿನಲ್ಲಿ ನಮ್ಮದು ಐದು ತಲೆಮಾರಿನ ಕಥೋಲಿಕ ಮನೆತನ. ಮುತ್ತಜ್ಜ ಲಾಸರಪ್ಪನವರು ಉಪದೇಶಿಗಳಾಗಿದ್ದರು. ಗುರುಗಳು ಊರಲ್ಲಿಲ್ಲದ ದಿನ ಸಾವಿನ ಮನೆಗೆ ಹೋಗಿ ಪ್ರಾರ್ಥನೆ ನಡೆಸುತ್ತಿದ್ದವರು ಅವರೇ. ತಾತ ನಲವತ್ತು ವರ್ಷ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸಿದರು. ನಾವು ಐವರು ಹೆಣ್ಣುಮಕ್ಕಳೂ ಕಾನ್ವೆಂಟಿನಲ್ಲಿ ಓದಿದವರು, ಒಬ್ಬರೂ ಒಂದು ಭಾನುವಾರವೂ ದೇವಾಲಯದ ಬಲಿಪೂಜೆಗೆ ತಡವಾಗಿ ಹೋದವರಲ್ಲ. ಇದನ್ನು ಹೇಳುವಾಗ ನನಗೆ ಹೆಮ್ಮೆಯಿಲ್ಲ ಎಂದರೆ ಸುಳ್ಳಾದೀತು. ಆದರೆ ಹೇಳುವ ಕಾರಣ ಬೇರೆ. ಒಬ್ಬ ಪುಣ್ಯವಂತರ ಬಗ್ಗೆ ಸಾಕ್ಷಿ ನುಡಿಯುವವರು ಎಂಥವರು ಎನ್ನುವುದು ಓದುವವರಿಗೆ ತಿಳಿದಿರಬೇಕು.

ಆ ಪುಣ್ಯವಂತರು ಸಿಸ್ಟರ್ ತಿಯೊಡೋರಾ. ಕಾನ್ವೆಂಟಿನ ಅಡುಗೆಮನೆಯ ಹಿಂದಿನ ಒಂದು ಕಿರುಕೋಣೆಯಲ್ಲಿ ಅವರು ಮೂವತ್ತೊಂದು ವರ್ಷ ಬಲಿಪೂಜೆಯಲ್ಲಿ ಪರಮಪ್ರಸಾದವಾಗಿ ಕೊಡುವ ಓಸ್ತಿಗಳನ್ನು ಮಾಡಿದರು. ಹಿಟ್ಟನ್ನು ಕಾದ ಅಚ್ಚಿನ ನಡುವೆ ಹುಯ್ದು, ಕಾಗದದಷ್ಟು ತೆಳ್ಳಗೆ ಬೇಯಿಸಿ, ದುಂಡಗೆ ಕತ್ತರಿಸುವುದು ಅವರ ಕೆಲಸ. ಕತ್ತರಿಸಿ ಉಳಿದ ಅಂಚುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟು ಸುತ್ತಲಿನ ಹಾಸ್ಟೆಲುಗಳ ವಿದ್ಯಾರ್ಥಿಗಳಿಗೆ ಹಂಚುತ್ತಿದ್ದರು. ಓದಿದ್ದು ನಾಲ್ಕನೆಯ ತರಗತಿಯವರೆಗೆ. ಹಳ್ಳಿಯ ಮಾತು ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಆಗ ನಾನು ಅದೇ ಕಾನ್ವೆಂಟಿನ ಶಾಲೆಯಲ್ಲಿ ಸಂಗೀತದ ಟೀಚರ್. ಊರಿನ ಕಾಲೇಜುಗಳ ಕಥೋಲಿಕ ವಿದ್ಯಾರ್ಥಿ ಸಂಘದ ಗಾಯನ ವೃಂದವೂ ನನ್ನ ಹೊಣೆಯಾಗಿತ್ತು. ಪ್ರತಿ ಭಾನುವಾರ ಸಂಜೆ ಐದಕ್ಕೆ ಕಾನ್ವೆಂಟಿನ ಪ್ರಾರ್ಥನಾಲಯದಲ್ಲಿ ವಿದ್ಯಾರ್ಥಿಗಳ ಪೂಜೆ. ನಾನು ನಲವತ್ತು ಜನರನ್ನು ಹಾಡಿಸಿ ನೋಡಿ ಹನ್ನೆರಡು ಜನರನ್ನು ಆರಿಸಿ ಮೇಲಿನ ಗ್ಯಾಲರಿಗೆ ಹತ್ತಿಸಿದ್ದೆ. ಅವರ ಕಂಠಕ್ಕೆ ಒಪ್ಪುವಂತೆ ಶ್ರುತಿಯನ್ನು ಎತ್ತರಕ್ಕೆ ಇಟ್ಟಿದ್ದೆ. ಉಳಿದವರು ಕೆಳಗೆ. ಅವರಲ್ಲಿ ಸಗಾಯಮೇರಿ ಎಂಬ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು. ಅವಳ ದನಿ ದೊಡ್ಡದು, ಸ್ವರ ಮಾತ್ರ ಎಲ್ಲಿ ಬೇಕಾದರಲ್ಲಿ ಹೋಗುತ್ತಿತ್ತು. ಕೆಳಗಿನಿಂದಲೇ ಅವಳು ಇಡೀ ವೃಂದವನ್ನು ದಾರಿ ತಪ್ಪಿಸುತ್ತಿದ್ದಳು. ಒಂದು ದಿನ ಕರೆದು, ನೀನು ಇನ್ನು ಮೇಲೆ ತುಟಿ ಮಾತ್ರ ಆಡಿಸು, ದನಿ ಬೇಡ ಎಂದೆ. ಆಗಲಿ ಮಿಸ್ ಎಂದಳು. ಗಾಯನ ವೃಂದ ನಡೆಸುವವರು ಹಾಗೆ ಹೇಳುವುದುಂಟು. ನಾನು ಅದನ್ನು ಮರೆತೇಬಿಟ್ಟೆ.

ಬಿಷಪರು ಬರಲಿದ್ದ ವಿದ್ಯಾರ್ಥಿ ದಿನಾಚರಣೆಗೆ ಎರಡು ವಾರ ಉಳಿದಿತ್ತು. ಡಬ್ಬಿ ಹಂಚುತ್ತ ಸಿಸ್ಟರ್ ತಿಯೊಡೋರಾ ಅವರು ವಿದ್ಯಾರ್ಥಿಗಳೊಡನೆ, ಟೀಚರಮ್ಮನ ಪದ ಬಲು ಚೆಂದ, ನಮ್ಮ ಗಂಟಲಿಗೆ ಮಾತ್ರ ಏಣಿ ಹಾಕಬೇಕು ಎಂದರಂತೆ. ಅದಕ್ಕೆ ಒಬ್ಬ ಹುಡುಗ, ಆ ಎತ್ತರಕ್ಕೆ ನಮ್ಮ ಹಾಸ್ಟೆಲ್ ನಾಯಿಯೊಂದೇ ದನಿಗೂಡಿಸೋದು ಸಿಸ್ಟರ್ ಎಂದನಂತೆ. ಎಲ್ಲರೂ ನಕ್ಕರಂತೆ. ಮಾತು ನನ್ನ ಕಿವಿಗೆ ಬಿತ್ತು.

ಸೋಮವಾರ ಶಾಲೆ ಬಿಟ್ಟ ಕೂಡಲೇ ಓಸ್ತಿಯ ಕೋಣೆಗೆ ಹೋದೆ. ಕೂರಲಿಲ್ಲ. ನಮ್ಮ ತಾತ ಹಾರ್ಮೋನಿಯಂ ನುಡಿಸಿದ್ದನ್ನೂ, ಲಂಡನ್ನಿನ ಸಂಗೀತ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾದದ್ದನ್ನೂ ಹೇಳಿ, ಸಂಗೀತ ತಿಳಿಯದವರು ಸಂಗೀತದ ವಿಷಯಕ್ಕೆ ಬರಬಾರದು ಎಂದೆ. ಸಿಸ್ಟರ್ ಅವರು ಕೈಯ ಹಿಟ್ಟು ಒರೆಸಿಕೊಂಡು ಪೂರ್ತಿ ಕೇಳಿಸಿಕೊಂಡರು.

“ನೀವು ಹೇಳಿದ್ದು ಸರಿ ಟೀಚರಮ್ಮ, ನಂಗೆ ತಿಳೀದು. ಬರೋ ಭಾನುವಾರ ಒಂದಿನ ಕೆಳಗಡೆ ನಿಂತ್ಕೊಳಿ. ಕೊನೇ ಬೆಂಚು. ಪಕ್ಕದೋರು ಹಾಡೋದು ಕೇಳುಸ್ಕೊಳಿ, ಅಷ್ಟೇಯ.”

ಹಾಗಾದರೆ ಹಾರ್ಮೋನಿಯಂ ಯಾರು ನುಡಿಸುತ್ತಾರೆ ಎಂದೆ.

“ಒಂದು ಪೂಜೆ ಪೆಟ್ಟಿಗೆ ಇಲ್ದಿದ್ರೆ ದೇವರೇನು ಎದ್ದೋಗಲ್ಲ.”

ನನ್ನ ವೃಂದದ ಯೋಗ್ಯತೆ ಅವರಿಗೂ ತಿಳಿಯಲಿ ಎಂದೇ ಒಪ್ಪಿದೆ.

ಭಾನುವಾರ ಕೊನೆಯ ಬೆಂಚಿನಲ್ಲಿ ನಿಂತೆ. ಮೇಲಿನಿಂದ ಪ್ರವೇಶ ಗೀತೆ ಬಂತು. ಹಾರ್ಮೋನಿಯಂ ಇಲ್ಲದೆಯೂ ಒಂದು ಸ್ವರವೂ ಅತ್ತಿತ್ತ ಆಗಲಿಲ್ಲ. ಸಂತೋಷದಿಂದ ಸುತ್ತ ನೋಡಿದೆ. ಹುಡುಗರು ಬಸ್ಸಿಗೆ ಕಾಯುವವರಂತೆ ಕೈಕಟ್ಟಿ ನಿಂತಿದ್ದರು. ಅಡುಗೆಯ ಹೆಂಗಸು ಹಾಡಿನ ಪುಸ್ತಕದಲ್ಲಿ ಹೆಬ್ಬೆರಳು ಇಟ್ಟು ಮುಚ್ಚಿ ಹಿಡಿದಿದ್ದಳು. ಕೆಳಗಿದ್ದ ಒಬ್ಬರೂ ಹಾಡುತ್ತಿರಲಿಲ್ಲ. ಮುಂದಿನ ಗೀತೆಗೂ ಹಾಗೆಯೇ. ಇವರಿಗೆ ಶ್ರದ್ಧೆಯಿಲ್ಲ ಎಂದುಕೊಂಡೆ.

‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಗುರುಗಳು ತೊಡಗಿದಾಗ ಮಾತ್ರ ಬೆಂಚುಗಳಿಗೆಲ್ಲ ಜೀವ ಬಂತು. ಎಲ್ಲರೂ ಗಟ್ಟಿಯಾಗಿ ಹೇಳಿದರು. ನನ್ನ ಎಡಗಡೆ ಮಾತ್ರ ಏನೂ ಕೇಳಿಸಲಿಲ್ಲ. ತಿರುಗಿ ನೋಡಿದರೆ ಸಗಾಯಮೇರಿ. ಕಣ್ಣು ಮುಚ್ಚಿಕೊಂಡಿದ್ದಳು. ತುಟಿಗಳು ಒಂದು ಪದವನ್ನೂ ಬಿಡದೆ ಆಡುತ್ತಿದ್ದವು. ದನಿ ಇರಲಿಲ್ಲ.

ಪೂಜೆ ಮುಗಿದ ಮೇಲೆ, ಗಂಟಲು ಕೆಟ್ಟಿದೆಯೇ ಎಂದು ಕೇಳಿದೆ.

“ಇಲ್ಲ ಮಿಸ್. ನೀವೇ ಹೇಳಿದ್ರಲ್ಲ, ತುಟಿ ಮಾತ್ರ ಆಡಿಸು ಅಂತ.”

“ಅದು ಹಾಡಿಗೆ ಹೇಳಿದ್ದು.”

“ಪ್ರಾರ್ಥನೆಗೂ ಅಂದ್ಕೊಂಡೆ ಮಿಸ್. ಅದೇ ದನಿ ತಾನೇ.”

ಯಾವಾಗಿನಿಂದ ಎಂದರೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಿಂದ ಎಂದಳು. ಲೆಕ್ಕ ಹಾಕಿದೆ. ನಾಲ್ಕು ತಿಂಗಳು ಈ ಹುಡುಗಿ ದೇವಾಲಯದಲ್ಲಿ ದೇವರಿಗೆ ಕೇಳಿಸುವಂತೆ ಒಂದು ಮಾತೂ ಆಡಿರಲಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟೂ ಇರಲಿಲ್ಲ. ಟೀಚರ್ ಹೇಳಿದ ಮೇಲೆ ಸರಿಯೇ ಇರಬೇಕೆಂದು ನಂಬಿದ್ದಳು.

ನೇರವಾಗಿ ಓಸ್ತಿಯ ಕೋಣೆಗೆ ಹೋಗಿ ಮೈದಾ ಮೂಟೆಯ ಮೇಲೆ ಕುಳಿತೆ. ಇದೆಲ್ಲ ನಿಮಗೆ ಮೊದಲೇ ತಿಳಿದಿತ್ತೇ ಎಂದು ಸಿಸ್ಟರ್ ಅವರನ್ನು ಕೇಳಿದೆ. ದೈವಕೃಪೆಯಿಂದಲೇ ತಿಳಿದಿತ್ತೆಂದು ಹಲವರು ಇಂದಿಗೂ ನಂಬುತ್ತಾರೆ, ನಾನೂ ನಂಬುತ್ತೇನೆ. ಅವರು ಅಂದು ಡಬ್ಬಿಯನ್ನು ನನ್ನ ಮುಂದೆ ಒಡ್ಡಿ, ಮೊದಲು ಎರಡು ತಿನ್ನಿ ಎಂದರು. ತಿಂದ ಮೇಲೆ ಹೇಳಿದರು:

“ಆ ದನಿ ಕೊಟ್ಟೋನು ದೇವರು. ಈಸ್ಕೊಂಡೋರು ನೀವು. ವಾಪಸ್ ಕೊಟ್ಬಿಡಿ.”

ಶನಿವಾರದ ಅಭ್ಯಾಸಕ್ಕೆ ನಲವತ್ತು ಜನರನ್ನೂ ಕರೆಸಿ, ಎಲ್ಲರ ಮುಂದೆ ಸಗಾಯಮೇರಿಯ ಕ್ಷಮೆ ಕೇಳಿದೆ. ನಮ್ಮ ಮನೆತನದಲ್ಲಿ ವಿದ್ಯಾರ್ಥಿಯ ಮುಂದೆ ತಲೆ ತಗ್ಗಿಸಿದವಳು ನಾನೇ ಮೊದಲಿರಬೇಕು. ಅವಳು ನಾಚಿಕೊಂಡು ಶಾಲಿನ ತುದಿಯನ್ನು ತಿರುಚುತ್ತಾ ನಿಂತಳು. ಆಮೇಲೆ, “ಹಂಗಾದ್ರೆ ಜೋರಾಗೇ ಹಾಡ್ಲಾ ಮಿಸ್?” ಎಂದಳು. ಹಿಂದಿನ ಸಾಲಿನಿಂದ ಯಾರೋ, ಹತ್ತಿ ತಂದ್ಕೊಡ್ತೀವಿ ಮಿಸ್, ಕಿವಿಗೆ ಎಂದರು. ಮೊದಲು ನಕ್ಕವಳು ಅವಳೇ. ಅಂದೇ ಶ್ರುತಿಯನ್ನು ಇಳಿಸಿದೆ. ಹನ್ನೆರಡು ಜನರನ್ನೂ ಗ್ಯಾಲರಿಯಿಂದ ಇಳಿಸಿ ಬೆಂಚಿಗೆ ಒಬ್ಬರಂತೆ ನಿಲ್ಲಿಸಿದೆ. ಹಾರ್ಮೋನಿಯಂ ಕೂಡ ಕೆಳಗೆ ಬಂತು.

ದಿನಾಚರಣೆಯ ಪೂಜೆಯಲ್ಲಿ ಬಿಷಪರ ಮುಂದೆ ಅಲ್ಲೆಲೂಯ ಎತ್ತಿಕೊಂಡಾಗ ಪ್ರಾರ್ಥನಾಲಯದ ಕಿಟಕಿಯ ಗಾಜು ಅದುರಿತು. ಸಾಲು ಸಾಲೇ ಹಾಡಿತು. ಎರಡನೆಯ ಚರಣದಲ್ಲಿ ಸಗಾಯಮೇರಿ ಅರ್ಧ ಸ್ವರ ಮೇಲಕ್ಕೆ ಹೋದಳು. ಅವಳ ಅಕ್ಕಪಕ್ಕದವರು ಅವಳೊಡನೆ ಹೋದರು, ಮುಂದಿನ ಬೆಂಚಿನವರು ಅವರೊಡನೆ ಹೋದರು, ಕೊನೆಗೆ ಬಿಷಪರೂ ಹೋದರು. ಇಡೀ ಪ್ರಾರ್ಥನಾಲಯದಲ್ಲಿ ಅಪಸ್ವರವಾಗಿ ಉಳಿದದ್ದು ನನ್ನ ಹಾರ್ಮೋನಿಯಂ ಒಂದೇ. ನಾನು ಬೆರಳುಗಳನ್ನು ಸರಿಸಿಕೊಂಡು ಅವರು ಇದ್ದಲ್ಲಿಗೆ ಹೋಗಿ ಸೇರಿಕೊಂಡೆ. ಬಾಗಿಲ ಬಳಿ ಸಿಸ್ಟರ್ ತಿಯೊಡೋರಾ ಅವರು ಬಾಯ್ತುಂಬ ಹಾಡುತ್ತಿದ್ದರು.

ಅವರು ಪ್ರಭುವಿನ ಸನ್ನಿಧಿ ಸೇರಿ ಹತ್ತೊಂಬತ್ತು ವರ್ಷಗಳಾದವು. ಗಾಯನ ವೃಂದ ನಡೆಸುವವರು ಈಗಲೂ ದನಿ ಕೂಡದ ಮಕ್ಕಳಿಗೆ ತುಟಿ ಮಾತ್ರ ಆಡಿಸಲು ಹೇಳುತ್ತಾರೆಂದು ನನಗೆ ಗೊತ್ತು. ಅಂಥವರಲ್ಲಿ ಕೆಲವರು ಇದನ್ನು ಓದುತ್ತಿದ್ದೀರಿ. ಯಾವ ಮಗುವಿಗೆ ಹಾಗೆ ಹೇಳಿದ್ದೀರೋ ಆ ಮಗುವಿನ ಕ್ಷಮೆ ಕೇಳಿ. ಈ ಭಾನುವಾರ, ಎಲ್ಲರ ಎದುರಿಗೆ, ಪೂಜೆ ಆರಂಭವಾಗುವ ಮೊದಲು ಕೇಳತಕ್ಕದ್ದು.