ಬಿಳಿಗಾಲಪ್ಪ ತುಳಿದ ಹುಲ್ಲುಬಯಲು

ಒಂದು ಕಾಡಿನ ನಡುವೆ ಒಂದು ಕೊಳ. ಕೊಳದ ಮಗ್ಗುಲಲ್ಲೇ ಚಿಕ್ಕದೊಂದು ಹುಲ್ಲುಬಯಲು. ಮಕ್ಕಳೇ, ಅಲ್ಲಿ ಬಿಳಿಗಾಲಪ್ಪ ಎಂಬ ಕಾಡುಕೋಣ ಇದ್ದ. ಮೈಯೆಲ್ಲ ಕಪ್ಪು, ಮೊಣಕಾಲಿನ ಕೆಳಗೆ ಮಾತ್ರ ಕಾಲುಚೀಲ ಹಾಕಿಕೊಂಡ ಹಾಗೆ ಬಿಳುಪು. ಮನಸ್ಸು ಬೆಣ್ಣೆ. ಆದರೆ ಸಿಟ್ಟು ಸದಾ ಮೂಗಿನ ತುದಿಯಲ್ಲಿ.

ಅವನಿಗೊಬ್ಬಳು ತಂಗಿ, ಕೆಂಚಿ. ಅವಳೀಗ ತುಂಬು ಬಸುರಿ. ಹಿಂಗಾಲು ಕುಂಟು, ಗುಡ್ಡ ಹತ್ತಿ ಮೇಯಲಾರಳು. ಈ ಬಯಲಿನ ಮೆತ್ತನೆ ಹುಲ್ಲೇ ಅವಳಿಗೆ ಊಟ.

ಒಂದು ಬೆಳಿಗ್ಗೆ ಮೇಯುತ್ತಿದ್ದವಳು "ಥೂ!" ಎಂದು ಉಗಿದಳು. "ಅಣ್ಣಾ, ಇದೇನಿದು? ಬರೀ ನಾರು!"

ಬಿಳಿಗಾಲಪ್ಪ ಬಗ್ಗಿ ನೋಡಿದ. ಒರಟು ಕಳೆಹುಲ್ಲಿನ ಒಂದು ಬುಡ, ಚಕ್ರದ ಹಾಗೆ ನೆಲಕ್ಕಂಟಿಕೊಂಡು ಹರಡಿತ್ತು.

"ನನ್ನ ತಂಗಿಯ ಊಟದ ನಡುವೆ ಬಂದು ಕೂತೆಯಾ? ಮಾಡ್ತೀನಿ ತಾಳು!" ಎಂದು ಅದನ್ನು ಧಪಧಪ ತುಳಿದ. ಮಾರನೆಯ ದಿನವೂ ತುಳಿದ. ಮಳೆ ಬಿದ್ದು ನೆಲ ಹಸಿಯಾಗಿದ್ದಾಗ ಇನ್ನೂ ಜೋರಾಗಿ ತುಳಿದ. ವಾರ ಕಳೆಯುವಷ್ಟರಲ್ಲಿ ಒಂದು ಬುಡ ಇದ್ದಲ್ಲಿ ಹತ್ತು ಬುಡ!

ಬಿಳಿಗಾಲಪ್ಪ ಬಿಡುವವನೇ? ಚುಕ್ಕೆಜಿಂಕೆಗಳನ್ನು ಕರೆತಂದ. "ಅಕ್ಕಂದಿರಾ, ಇಡೀ ಬಯಲನ್ನು ನುಣ್ಣಗೆ ಮೇದುಬಿಡಿ. ಕಳೆಯ ಹುಟ್ಟಡಗಲಿ!"

ಜಿಂಕೆಗಳು ಸಂತೋಷವಾಗಿ ಮೇದವು. ಮೆತ್ತನೆ ಹುಲ್ಲೆಲ್ಲ ಬುಡಮಟ್ಟ ಖಾಲಿಯಾಯಿತು. ಕಳೆಯೋ, ಹಲ್ಲಿಗೆ ಸಿಗದಷ್ಟು ತಗ್ಗಾಗಿ ಮಲಗಿಕೊಂಡೇ ಇತ್ತು. ಅದಕ್ಕೆ ನೆರಳು ಮಾಡುತ್ತಿದ್ದ ಹುಲ್ಲು ಹೋಗಿ ಚೆನ್ನಾಗಿ ಬಿಸಿಲೂ ಬಿತ್ತು. ಅದು ಮಲಗಿದಲ್ಲೇ ತೆನೆ ಬಿಟ್ಟಿತು. ಬಿಳಿಗಾಲಪ್ಪನ ಗೊರಸಿನ ಕೆಸರಿಗೆ ಬೀಜ ಮೆತ್ತಿಕೊಂಡು ಬಯಲಿಗೆಲ್ಲ ಹರಡಿತು.

ಕೆಂಚಿ ಸೊರಗಿದಳು. ಅವಳ ಪಕ್ಕೆಲುಬು ಎಣಿಸುವ ಹಾಗಾಯಿತು. "ಪರವಾಗಿಲ್ಲ ಅಣ್ಣಾ, ನನಗೆ ಹಸಿವಿಲ್ಲ," ಎಂದಳು. ಅವಳು ಸುಳ್ಳು ಹೇಳುತ್ತಿದ್ದಾಳೆಂದು ಬಿಳಿಗಾಲಪ್ಪನಿಗೆ ಗೊತ್ತಾಯಿತು. ಸಿಟ್ಟಿನಿಂದ ಮತ್ತೆ ಕಳೆಯ ಮೇಲೆ ಕಾಲೆತ್ತಿದ.

"ಸಾಕು ಮಾರಾಯಾ, ಕಾಲು ಇಳಿಸು!" ಎಂದು ಪೊದೆಯ ಬುಡದಿಂದ ಸಣ್ಣ ದನಿಯೊಂದು ಕೂಗಿತು. ನೋಡಿದರೆ ಎರೆಹುಳು, ಎರೆಯಮ್ಮ.

"ನೀನ್ಯಾಕೆ ಇಲ್ಲಿದ್ದೀ? ನಿನ್ನ ಮನೆ ಬಯಲಿನಲ್ಲಲ್ಲವಾ?"

"ಇತ್ತು. ನಿನ್ನ ಭಾರಕ್ಕೆ ಬಾಗಿಲೆಲ್ಲ ಮುಚ್ಚಿಹೋಯಿತು. ಗಾಳಿ ಇಲ್ಲ, ನೀರು ಇಳಿಯೋದಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಈಚೆ ಬಂದೆ. ಎಲ್ಲಿ, ಬಯಲಿಗೆ ನಿನ್ನ ಕೊಂಬು ಊರು ನೋಡೋಣ."

ಬಿಳಿಗಾಲಪ್ಪ ಕೊಂಬು ಊರಿದ. ಠಣ್ಣೆಂದಿತು!

"ಈಗ ಈ ಪೊದೆಯ ಹತ್ತಿರ ಊರು."

ಕೊಂಬು ಸಲೀಸಾಗಿ ಇಳಿಯಿತು.

"ಮೆತ್ತನೆ ಹುಲ್ಲಿಗೆ ಮೆತ್ತನೆ ನೆಲ ಬೇಕಪ್ಪಾ," ಎಂದಳು ಎರೆಯಮ್ಮ. "ಗಟ್ಟಿ ನೆಲದಲ್ಲಿ ಅದರ ಬೇರು ಇಳಿಯೋದಿಲ್ಲ. ಆ ಕಳೆಗೆ ಗಟ್ಟಿ ನೆಲವಾದರೂ ನಡೆಯುತ್ತೆ. ಅದರ ಚಿಗುರು ಇರೋದೇ ಬುಡದಲ್ಲಿ, ತುಳಿದರೂ ಮೇದರೂ ಮತ್ತೆ ಏಳುತ್ತೆ. ಅದಕ್ಕೆ ಜಾಗ ಮಾಡಿಕೊಟ್ಟಿದ್ದು ನೀನೇ."

ಬಿಳಿಗಾಲಪ್ಪನ ಕಣ್ಣು ತುಂಬಿತು. "ನನ್ನ ಕೈಯಾರೆ ತಂಗಿಯ ಅನ್ನ ಹಾಳು ಮಾಡಿದೆನಲ್ಲಾ!"

"ಅಳ್ತಾ ಕೂತರೆ ಹುಲ್ಲು ಬೆಳೆಯುತ್ತಾ? ಮತ್ತೆ ತೆನೆ ಬಲಿಯುವ ಮೊದಲು ಕಳೆಯನ್ನು ಬೇರುಸಮೇತ ಕಿತ್ತು ಹಾಕು. ನೆಲ ಸಡಿಲ ಮಾಡಿಸು. ಆಮೇಲೆ ಅದರ ಪಾಡಿಗೆ ಬಿಡು."

ಬಿಳಿಗಾಲಪ್ಪ ಕೊಂಬಿನ ತುದಿಯಿಂದ ಮೀಟಿ, ಬಾಯಲ್ಲಿ ಕಚ್ಚಿ ಒಂದೊಂದೇ ಬುಡ ಕಿತ್ತ. ತುಟಿ ಸೀಳಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಅವನು ಕರೆದದ್ದಕ್ಕೆ ಕಾಡುಹಂದಿ ಮೂತಿರಾಯನ ಸಂಸಾರ ಬಂದು ಇಡೀ ಬಯಲನ್ನು ಮೂತಿಯಿಂದ ಗೆಬರಿತು. ಎರೆಯಮ್ಮ ಮಕ್ಕಳೊಡನೆ ಮನೆಗೆ ಮರಳಿದಳು. ಬಿಳಿಗಾಲಪ್ಪ ದಿನಕ್ಕೆರಡು ಸಲ ಬಯಲನ್ನು ತುಳಿಯದೆ ಸುತ್ತುಬಳಸಿ ಗುಡ್ಡಕ್ಕೆ ಹೋಗಿ, ತಂಗಿಗೆ ಬಾಯಿ ತುಂಬ ಹುಲ್ಲು ತಂದುಕೊಟ್ಟ. ದಾರಿಯಲ್ಲಿ ಒಂದೆಸಳನ್ನೂ ತಾನು ನುಂಗಲಿಲ್ಲ.

ಮಳೆ ಬಂತು. ಈ ಸಲ ನೀರು ನೆಲಕ್ಕಿಳಿಯಿತು. ಮೊದಲು ಅಲ್ಲೊಂದು ಇಲ್ಲೊಂದು ಹಸಿರು ಎಸಳು, ಆಮೇಲೆ ಬಯಲು ತುಂಬ ಮೆತ್ತನೆ ಹುಲ್ಲು. ಕೆಂಚಿ ಹೊಟ್ಟೆ ತುಂಬ ಮೇದಳು, ಹೆಣ್ಣುಕರು ಹಾಕಿದಳು. ಕೆಚ್ಚಲ ತುಂಬ ಹಾಲು ಬಂತು.

"ಅಣ್ಣಾ, ಅಲ್ಲೇ ಯಾಕೆ ನಿಂತೆ? ಬಾ, ಸೊಸೆಯನ್ನು ನೋಡು," ಎಂದು ಕರೆದಳು.

"ಬೇಡಮ್ಮಾ, ನನ್ನ ಭಾರ ನನಗೆ ಗೊತ್ತು. ಇಲ್ಲಿಂದಲೇ ನೋಡ್ತೀನಿ," ಎಂದ ಬಿಳಿಗಾಲಪ್ಪ ಬಯಲಿನಂಚಿನಲ್ಲಿ ನಿಂತು.

ಪುಟ್ಟ ಕರು ಮಾವನತ್ತ ಕಿವಿ ನಿಮಿರಿಸಿ ನೋಡಿತು. ತಟ್ಟಾಡುತ್ತ ಹುಲ್ಲು ದಾಟಿ ಬಂದು, ಅವನ ಗಾಯದ ತುಟಿಗೆ ತನ್ನ ಒದ್ದೆ ಮೂಗು ತಾಗಿಸಿತು. ಅಷ್ಟು ದೊಡ್ಡ ಕಾಡುಕೋಣ ಉಸಿರು ಬಿಗಿಹಿಡಿದು, ಅಲುಗಾಡದೆ ನಿಂತುಕೊಂಡ.

ನೀತಿ: ಬೇಡದ್ದನ್ನು ಅಳಿಸುವ ಸಿಟ್ಟಿನಲ್ಲಿ ಬೇಕಾದ್ದರ ಬೇರನ್ನು ತುಳಿಯಬಾರದು.