ಎತ್ತಿದ ಬೆಲ್ಟು

“ನನ್ನ ಮಗನ ತಲೆ ಒಡೆದವನನ್ನ ಈಗಲೇ ನನ್ನ ಕೈಗೆ ಕೊಡು!” ಎಂದು ಕಂಟ್ರಾಕ್ಟರ್ ರುದ್ರೇಗೌಡ ಬೆಲ್ಟು ಬಿಚ್ಚಿಕೊಂಡೇ ಶಾಲೆಯ ಅಡುಗೆಕೋಣೆಗೆ ನುಗ್ಗಿದ.

ಹೆಡ್‌ಮಾಸ್ತರು ಆಗಲೇ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಹೊಡೆದಾಡಿದ ಹುಡುಗರಿಬ್ಬರಿಗೂ ಬೆಲ್ಲ ಹಂಚಿ ರಾಜಿ ಮಾಡಿಸಿದ್ದವಳು ಬಿಸಿಯೂಟದ ಹೊನ್ನಮ್ಮ. ಗೌಡ ಬಂದೇ ಬರುತ್ತಾನೆಂದು ಇಬ್ಬರಿಗೂ ಬೇಕೆಂತಲೇ ತಲೆ, ಮುಖ ತುಂಬ ಅರಿಶಿನ ಮೆತ್ತಿ, ಅಕ್ಕಿಮೂಟೆಯ ಹಿಂದಿನ ಕತ್ತಲಲ್ಲಿ ಕೂರಿಸಿದ್ದಳು.

“ಇಬ್ಬರೂ ಇಲ್ಲೇ ಅವರೆ ಗೌಡ್ರೆ. ನೀವೇ ಆರಿಸ್ಕೊಳ್ಳಿ.”

ಗೌಡ ಬಗ್ಗಿ ನೋಡಿದ. ಗುರುತು ಹತ್ತಲಿಲ್ಲ. “ಯಾವನೇ ಅವನು?” ಎಂದು ಬೆಲ್ಟು ಎತ್ತಿದ.

ಒಬ್ಬ ಪಿಳಿಪಿಳಿ ನೋಡುತ್ತ ಕೂತ. ಇನ್ನೊಬ್ಬ ತಕ್ಷಣ ಎರಡೂ ಕೈ ತಲೆಗೆ ಅಡ್ಡ ಹಿಡಿದು ಮುದುಡಿದ.

“ಅಗೋ, ಮುದುಡಿದನಲ್ಲ, ಅವನು ನಿಮ್ಮ ಮಗ” ಎಂದಳು ಹೊನ್ನಮ್ಮ.

ಗೌಡನ ಕೈ ಇಳಿಯಿತು. ಹುಡುಗನ ಕೈ ಇಳಿಯಲಿಲ್ಲ.